ಸಾರ್ವಜನಿಕ ಅಂಗಳಗಳ ಕಳೆ ನಿರ್ವಹಣೆ: ಇಪ್ಪತ್ತೆಂಟು ದಿನಗಳ ಸುತ್ತು

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ

ಮುಂಗಾರು ಆರಂಭವಾದ ಕೆಲವೇ ವಾರಗಳಲ್ಲಿ ಗ್ರಾಮ ಪಂಚಾಯಿತಿಗೆ ಬರುವ ದೂರುಗಳ ಸ್ವರೂಪ ಬದಲಾಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಬಗ್ಗೆ ಬರುತ್ತಿದ್ದ ಅರ್ಜಿಗಳ ಜಾಗದಲ್ಲಿ ಶಾಲೆಯ ಹಿಂಭಾಗದಲ್ಲಿ ಗಿಡಗಂಟಿ ಬೆಳೆದಿದೆ, ಅಂಗನವಾಡಿಯ ಮುಂದೆ ಹಾವು ಕಾಣಿಸಿತು, ಸ್ಮಶಾನಕ್ಕೆ ಶವ ಹೊತ್ತೊಯ್ಯಲು ದಾರಿಯಿಲ್ಲ, ಚರಂಡಿ ಪೊದೆಯಾಗಿದೆ ಎಂಬ ಅರ್ಜಿಗಳು ಬರತೊಡಗುತ್ತವೆ. ದೂರು ಬಂದ ನಂತರ ಆಳುಗಳನ್ನು ಹಚ್ಚಿ ತೆಗೆಸುವುದು, ಒಂದೂವರೆ ತಿಂಗಳಲ್ಲಿ ಅದೇ ಜಾಗದಿಂದ ಮತ್ತೆ ದೂರು ಬರುವುದು, ಅಷ್ಟರಲ್ಲಿ ಆ ಬಾಬ್ತಿನ ಹಣ ಮುಗಿದಿರುವುದು ಬಹುತೇಕ ಪಂಚಾಯಿತಿಗಳಲ್ಲಿ ಕಂಡುಬರುವ ಸ್ಥಿತಿ.

ಕಳೆ ತೆಗೆಯುವ ಕಾಮಗಾರಿಗೆ ಶಂಕುಸ್ಥಾಪನೆಯೂ ಇಲ್ಲ, ಉದ್ಘಾಟನೆಯೂ ಇಲ್ಲ. ಮುಗಿಯಿತೆಂದು ಫಲಕ ಹಾಕುವಂತಿಲ್ಲ. ಆದ್ದರಿಂದಲೇ ಅದು ಕ್ರಿಯಾ ಯೋಜನೆಯಲ್ಲಿ ಸ್ಥಾನ ಪಡೆಯದೆ, ಯಾರಾದರೂ ಅಧಿಕಾರಿ ಭೇಟಿ ನೀಡುವ ಹಿಂದಿನ ದಿನ ಅವಸರದಲ್ಲಿ ನಡೆಯುವ ಕೆಲಸವಾಗಿ ಉಳಿದಿದೆ. ಈ ಕೆಲಸವನ್ನು ಲೆಕ್ಕಾಚಾರದಿಂದ, ಕಡಿಮೆ ಖರ್ಚಿನಲ್ಲಿ ಮತ್ತು ದುಡಿಯುವವರಿಗೆ ಹಾನಿಯಾಗದಂತೆ ವರ್ಷವಿಡೀ ನಡೆಸುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಇದು ಅಂದಚೆಂದದ ಪ್ರಶ್ನೆಯಲ್ಲ

ಸಾರ್ವಜನಿಕ ಅಂಗಳದ ಕಳೆಯಿಂದ ಆಗುವ ಹಾನಿ ನಾಲ್ಕು ಬಗೆಯದು.

ಮೊದಲನೆಯದು ಹಾವು ಕಡಿತ. ಧಾನ್ಯ, ಊಟದ ಶೇಷ, ಕಸ ಇರುವಲ್ಲಿಗೆ ಇಲಿ ಬರುತ್ತದೆ. ಇಲಿಯನ್ನು ಹುಡುಕಿಕೊಂಡು ಹಾವು ಬರುತ್ತದೆ. ಇವೆರಡಕ್ಕೂ ಮರೆ ಒದಗಿಸುವುದು ಮೊಣಕಾಲೆತ್ತರದ ಪೊದೆ. ಬಿಸಿಯೂಟದ ಅಡುಗೆ ಕೋಣೆಯ ಹಿಂದೆ ಈ ಮೂರೂ ಒಟ್ಟಿಗೆ ಸೇರುವುದರಿಂದ ಆ ಜಾಗಕ್ಕೆ ಆದ್ಯತೆ ಸಲ್ಲಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ವಿಷಸರ್ಪಗಳೂ ನಮ್ಮ ರಾಜ್ಯದಲ್ಲಿವೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ ಎಂಬುದು ಈ ವಿಷಯದ ಗಾಂಭೀರ್ಯಕ್ಕೆ ಸಾಕ್ಷಿ.

ಎರಡನೆಯದು ಚರ್ಮ ಮತ್ತು ಉಸಿರಾಟದ ತೊಂದರೆ. ಪಾರ್ಥೇನಿಯಂ ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವು ಪದೇ ಪದೇ ಸೋಕಿದವರಿಗೆ ತುರಿಕೆ, ಕಜ್ಜಿಯಂತಹ ಅಲರ್ಜಿ ಉಂಟುಮಾಡುತ್ತದೆ. ಅದರ ಪರಾಗ ಮತ್ತು ಒಣಗಿದ ಪುಡಿ ಮೂಗಿಗೆ ಹೋದರೆ ಶೀತ, ಉಬ್ಬಸ ಕಾಣಿಸಿಕೊಳ್ಳಬಹುದು. ಒಮ್ಮೆ ಅಲರ್ಜಿ ಹತ್ತಿದ ದೇಹಕ್ಕೆ ಮುಂದೆ ಸ್ವಲ್ಪ ಸೋಕಿದರೂ ಸಾಕು.

ಮೂರನೆಯದು ಸೊಳ್ಳೆ ಮತ್ತು ಉಣ್ಣೆ. ಪೊದೆಯೊಳಗೆ ಎಸೆದ ಟೈರು, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟಗಳಲ್ಲಿ ನಿಂತ ಮಳೆನೀರು ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯ ಕಣ್ಣಿಗೆ ಬೀಳುವುದಿಲ್ಲ. ಡೆಂಗಿ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಮಲೆನಾಡಿನ ತಾಲ್ಲೂಕುಗಳಲ್ಲಿ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಭಯವೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಈ ಕಾಯಿಲೆ ಇಂದಿಗೂ ಬೇಸಿಗೆಯ ತಿಂಗಳುಗಳಲ್ಲಿ ಮರುಕಳಿಸುತ್ತಿದೆ. ಕಾಡಂಚಿನ ಅಂಗಳಗಳಲ್ಲಿ ದರಗು ಮತ್ತು ಪೊದೆಯನ್ನು ಡಿಸೆಂಬರ್‌ಗೆ ಮುನ್ನ ತೆರವುಗೊಳಿಸುವುದು ಅಲ್ಲಿನ ಪಂಚಾಯಿತಿಗಳ ಹೆಚ್ಚುವರಿ ಕರ್ತವ್ಯ.

ನಾಲ್ಕನೆಯದು ಆಸ್ತಿ ನಷ್ಟ. ಮೇಲ್ತೊಟ್ಟಿಯ ಬುಡ, ಚರಂಡಿಯ ಕಲ್ಲುಕಟ್ಟಡ, ಕಾಂಪೌಂಡ್ ಗೋಡೆಯ ಬಿರುಕುಗಳಲ್ಲಿ ಬೇರೂರಿದ ಅರಳಿ, ಆಲದ ಸಸಿಗಳು ಒಂದೆರಡು ವರ್ಷ ಸಣ್ಣವೇ. ನಂತರ ಅವು ಬಿರುಕನ್ನು ಅಗಲಗೊಳಿಸಿ ಲಕ್ಷಾಂತರ ರೂಪಾಯಿಯ ಕಟ್ಟಡವನ್ನೇ ಸಡಿಲಗೊಳಿಸುತ್ತವೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವ ಸ್ಥಿತಿಗೆ ನಾವೇ ತಂದುಕೊಳ್ಳುತ್ತೇವೆ.

2. ಕಳೆ ಮರಳಿ ಬರುವುದೇಕೆ

ನಮ್ಮ ಸದಸ್ಯರಲ್ಲಿ ಬಹುಪಾಲು ಜನ ಕೃಷಿಕರು. ರಾಗಿ ಹೊಲಕ್ಕೆ ಎಡೆಕುಂಟೆ ಹೊಡೆಯುವ ದಿನ ಯಾವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಳೆ ಎರಡೆಲೆ, ನಾಲ್ಕೆಲೆ ಇರುವಾಗ ತೆಗೆಯದಿದ್ದರೆ ಬೆಳೆ ಹೋಯಿತೆಂದು ಅವರು ಬಲ್ಲರು. ಅದೇ ತಿಳಿವಳಿಕೆಯನ್ನು ಶಾಲೆಯ ಅಂಗಳಕ್ಕೆ ಅನ್ವಯಿಸುವುದಷ್ಟೇ ನಮ್ಮ ಮುಂದಿರುವ ಕೆಲಸ.

ಪಾರ್ಥೇನಿಯಂ ಗಿಡದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಕಾಂಗ್ರೆಸ್ ಗಿಡ ಎಂದೇ ರೂಢಿಯಲ್ಲಿರುವ ಇದು ಅಮೆರಿಕ ಖಂಡದ ಉಷ್ಣವಲಯದ ಮೂಲದ್ದು. ಭಾರತದಲ್ಲಿ ಇದನ್ನು 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗಮನಿಸಲಾಯಿತು; ಈಗ ದೇಶದ ಬಹುತೇಕ ಎಲ್ಲೆಡೆ ಹರಡಿದೆ. ಇದು ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಹೂ ಬಿಡುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಬೀಜ ಬಹು ಹಗುರ. ಗಾಳಿ, ಮಳೆನೀರು, ವಾಹನದ ಚಕ್ರ, ಜಾನುವಾರಿನ ಕಾಲು, ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಎಲ್ಲವೂ ಅದನ್ನು ಹೊತ್ತೊಯ್ಯುತ್ತವೆ. ಮಣ್ಣಿನಡಿ ಸೇರಿದ ಬೀಜ ಹಲವು ವರ್ಷ ಜೀವ ಹಿಡಿದಿರುತ್ತದೆ.

ಇದನ್ನು ಲೆಕ್ಕಕ್ಕೆ ಇಳಿಸಿದರೆ, ಒಂದು ಅಂಗನವಾಡಿಯ ಅಂಗಳದಲ್ಲಿ ನೂರು ಗಿಡಗಳು ಬೀಜ ಉದುರಿಸಿದವೆಂದರೆ ಹತ್ತು ಲಕ್ಷ ಬೀಜಗಳು ನೆಲ ಸೇರಿದವು. ಅವುಗಳಲ್ಲಿ ನೂರಕ್ಕೆ ಒಂದು ಮಾತ್ರ ಮೊಳೆತರೂ ಮುಂದಿನ ವರ್ಷ ಹತ್ತು ಸಾವಿರ ಗಿಡಗಳು. ಅಕ್ಟೋಬರ್ ತಿಂಗಳಲ್ಲಿ ಭರ್ಜರಿಯಾಗಿ ಸ್ವಚ್ಛತಾ ಅಭಿಯಾನ ನಡೆಸಿದರೂ ಮರುವರ್ಷ ಅದೇ ದೃಶ್ಯ ಕಾಣುವುದಕ್ಕೆ ಇದೇ ಕಾರಣ. ಆ ಹೊತ್ತಿಗೆ ನಾವು ತೆಗೆಯುವುದು ಬೀಜ ಉದುರಿಸಿ ತನ್ನ ಕೆಲಸ ಮುಗಿಸಿದ ಗಿಡವನ್ನು.

ಇದರಿಂದ ಒಂದೇ ನಿಯಮ ಹೊರಡುತ್ತದೆ. ಒಂದು ಜಾಗಕ್ಕೆ ಎರಡು ಭೇಟಿಗಳ ನಡುವಿನ ಅಂತರವು, ಕಳೆ ಮೊಳೆತು ಬೀಜ ಕಟ್ಟುವ ಅವಧಿಗಿಂತ ಕಡಿಮೆ ಇರಬೇಕು. ಇಪ್ಪತ್ತೆಂಟು ದಿನಗಳಿಗೊಮ್ಮೆ ಸುತ್ತು ಬಂದರೆ ಹೆಚ್ಚಿನ ಗಿಡಗಳು ಹೂವಿನ ಹಂತವನ್ನು ದಾಟುವುದಿಲ್ಲ.

3. ಗಿಡ ನೋಡಿ ವಿಧಾನ

ಎಲ್ಲ ಕಳೆಗೂ ಒಂದೇ ಮದ್ದಿಲ್ಲ. ಸದಸ್ಯರು ಕನಿಷ್ಠ ಈ ಗುಂಪುಗಳನ್ನು ಗುರುತಿಸುವುದು ಉಪಯುಕ್ತ.

ಬೀಜದಿಂದ ಬದುಕುವ ವಾರ್ಷಿಕ ಕಳೆಗಳು: ಪಾರ್ಥೇನಿಯಂ, ನಾಯಿತುಳಸಿ, ನೆಗ್ಗಿಲು ಮುಳ್ಳು ಮುಂತಾದವು. ಮಳೆ ಬಂದು ನೆಲ ಹಸಿಯಾಗಿರುವಾಗ ಬೇರುಸಹಿತ ಕೀಳಬೇಕು. ಪಾರ್ಥೇನಿಯಂ ಗಿಡವನ್ನು ಮೇಲಿನಿಂದ ಕತ್ತರಿಸಿದರೆ ಬುಡದಿಂದ ಚಿಗುರಿ, ನೆಲಮಟ್ಟದಲ್ಲಿಯೇ ಹೂ ಬಿಡುತ್ತದೆ.

ಗಡ್ಡೆ ಮತ್ತು ಬೇರುಕಾಂಡದಿಂದ ಬದುಕುವವು: ಜೇಕು (ಕೊನ್ನಾರಿ) ಇದಕ್ಕೆ ಉದಾಹರಣೆ. ಮೇಲೆ ಕಿತ್ತಷ್ಟೂ ಕೆಳಗಿನ ಗಡ್ಡೆಯಿಂದ ಮರಳುತ್ತದೆ. ನೆರಳು ಮತ್ತು ದಟ್ಟ ಹೊದಿಕೆಯಿಂದ ಮಾತ್ರ ಇದು ಸೊರಗುತ್ತದೆ. ಆಟದ ಮೈದಾನದಲ್ಲಿ ಗರಿಕೆಯನ್ನು ಕಳೆಯೆಂದು ಕೀಳಿಸುವುದು ಸಲ್ಲದು. ಚಿಕ್ಕದಾಗಿ ಕತ್ತರಿಸಿ ಉಳಿಸಿಕೊಂಡ ಗರಿಕೆಯೇ ಮೈದಾನದ ರಕ್ಷಕ.

ಪೊದೆ ಮತ್ತು ಮುಳ್ಳುಗಂಟಿಗಳು: ಲಂಟಾನ, ಬಳ್ಳಾರಿ ಜಾಲಿ. ಇವನ್ನು ಮಚ್ಚಿನಿಂದ ಸವರಿದರೆ ನಾಲ್ಕು ಪಟ್ಟು ಕವಲೊಡೆಯುತ್ತವೆ. ಲಂಟಾನದ ತಾಯಿಬೇರನ್ನು ನೆಲದಿಂದ ಸುಮಾರು ಮೂರು ಅಂಗುಲ ಕೆಳಗೆ ಕತ್ತರಿಸಿ, ಬುಡವನ್ನು ತಲೆಕೆಳಗಾಗಿ ಇಡಬೇಕು. ಜಾಲಿಯನ್ನು ಬೇರುಸಹಿತ ಅಗೆದು ತೆಗೆಯಬೇಕು. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗ ಕುಶಲಕರ್ಮಿಗಳು ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜುಗಳನ್ನು ತಯಾರಿಸುತ್ತಾರೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಉಳಿಸಿಕೊಳ್ಳಬೇಕಾದವು: ತುಂಬೆ, ನೆಲನೆಲ್ಲಿ, ಒಂದೆಲಗ, ಅಣ್ಣೆ ಸೊಪ್ಪು, ಹೊನಗೊನೆ ಮುಂತಾದವನ್ನು ಊರಿನ ಹಿರಿಯ ಹೆಣ್ಣುಮಕ್ಕಳು ಬೆರಕೆ ಸೊಪ್ಪಿಗೂ ಮನೆಮದ್ದಿಗೂ ಬಳಸುತ್ತಾರೆ. ಕೆಲಸ ಆರಂಭಿಸುವ ಮುನ್ನ ಅವರಲ್ಲಿ ಇಬ್ಬರನ್ನು ಕರೆಸಿ ಜಾಗ ತೋರಿಸಿದರೆ, ಯಾವುದನ್ನು ಬಿಡಬೇಕೆಂದು ಅವರೇ ಹೇಳುತ್ತಾರೆ. ಹಸಿರಾಗಿರುವುದೆಲ್ಲವನ್ನೂ ಬೋಳಿಸುವುದು ನಮ್ಮ ಉದ್ದೇಶವಲ್ಲ.

4. ಅಳತೆ ಮತ್ತು ವೇಳಾಪಟ್ಟಿ

ಯಾವುದೇ ಕಾಮಗಾರಿಗೆ ಅಂದಾಜು ಪಟ್ಟಿ ತಯಾರಿಸುವಂತೆ ಇದಕ್ಕೂ ತಯಾರಿಸಬೇಕು. ಉದಾಹರಣೆಗಾಗಿ ಐದು ಹಳ್ಳಿಗಳ ಒಂದು ಪಂಚಾಯಿತಿಯನ್ನು ಕಲ್ಪಿಸಿಕೊಳ್ಳೋಣ.

– ಶಾಲೆಗಳು 3, ತಲಾ 30 ಗುಂಟೆ: 90 ಗುಂಟೆ
– ಅಂಗನವಾಡಿಗಳು 5, ತಲಾ 3 ಗುಂಟೆ: 15 ಗುಂಟೆ
– ಆರೋಗ್ಯ ಉಪಕೇಂದ್ರ 1: 5 ಗುಂಟೆ
– ಪಂಚಾಯಿತಿ ಕಚೇರಿ ಮತ್ತು ಗ್ರಂಥಾಲಯ: 10 ಗುಂಟೆ
– ಮೇಲ್ತೊಟ್ಟಿಗಳು 5, ತಲಾ 2 ಗುಂಟೆ: 10 ಗುಂಟೆ
– ಸ್ಮಶಾನಗಳು 4, ತಲಾ 20 ಗುಂಟೆ: 80 ಗುಂಟೆ

ಒಟ್ಟು 210 ಗುಂಟೆ, ಅಂದರೆ 5 ಎಕರೆ 10 ಗುಂಟೆ. ಇಷ್ಟನ್ನೂ ತಿಂಗಳಿಗೊಮ್ಮೆ ಕೈಯಿಂದ ಕೀಳಿಸುವುದು ಅಸಾಧ್ಯ. ಆದ್ದರಿಂದ ಜಾಗವನ್ನು ಎರಡು ವರ್ಗ ಮಾಡಬೇಕು. ಮಕ್ಕಳು, ರೋಗಿಗಳು, ಬಾಣಂತಿಯರು ದಿನವೂ ಕಾಲಿಡುವ ನೆಲ ಮತ್ತು ಕುಡಿಯುವ ನೀರಿನ ತೊಟ್ಟಿಯ ಸುತ್ತ ‘ಅ’ ವರ್ಗ: ಅಂಗನವಾಡಿ 15, ಉಪಕೇಂದ್ರ 5, ಮೇಲ್ತೊಟ್ಟಿ 10, ಪ್ರತಿ ಶಾಲೆಯ ಕೊಠಡಿ, ಶೌಚಾಲಯ ಹಾಗೂ ಅಡುಗೆ ಕೋಣೆಯ ಸುತ್ತಲಿನ 10 ಗುಂಟೆಯಂತೆ 30; ಒಟ್ಟು 60 ಗುಂಟೆ. ಉಳಿದ 150 ಗುಂಟೆ ‘ಆ’ ವರ್ಗ.

‘ಅ’ ವರ್ಗದಲ್ಲಿ ಬೇರುಸಹಿತ ಕೀಳುವ ಕೆಲಸ. ಒಬ್ಬರು ದಿನಕ್ಕೆ 3 ಗುಂಟೆ ಮಾಡುವರೆಂದು ಹಿಡಿದರೆ ಮೊದಲ ಸುತ್ತಿಗೆ 20 ಮಾನವ ದಿನ. ಎರಡನೆಯ ಸುತ್ತಿನಲ್ಲಿ ಸಸಿಗಳು ಸಣ್ಣವು, ವಿರಳ. 10 ದಿನ ಸಾಕು. ಮೂರನೆಯದಕ್ಕೆ 7, ನಂತರದ ಮೂರು ಸುತ್ತಿಗೆ ತಲಾ 5. ಆರು ಸುತ್ತಿಗೆ ಒಟ್ಟು 52 ಮಾನವ ದಿನ. ‘ಆ’ ವರ್ಗದಲ್ಲಿ ಕಳೆ ಕತ್ತರಿಸುವ ಯಂತ್ರದಿಂದ ದಿನಕ್ಕೆ 20 ಗುಂಟೆಯಂತೆ 8 ದಿನ. ಚಾಲಕ ಮತ್ತು ಸಹಾಯಕ ಸೇರಿ 16 ಮಾನವ ದಿನ. ಮಳೆಗಾಲದಲ್ಲಿ ಎರಡು ಬಾರಿ ಎಂದರೆ 32. ಎರಡೂ ಸೇರಿ 84 ಮಾನವ ದಿನ.

ಇದೇ 210 ಗುಂಟೆಯನ್ನು ಅಕ್ಟೋಬರ್‌ವರೆಗೆ ಬಿಟ್ಟು ಒಮ್ಮೆಗೇ ತೆಗೆಸಿದರೆ, ಸೊಂಟದೆತ್ತರದ ಪೊದೆಯಲ್ಲಿ ಒಬ್ಬರು ದಿನಕ್ಕೆ 2 ಗುಂಟೆಗಿಂತ ಹೆಚ್ಚು ಮಾಡಲಾರರು. 105 ಮಾನವ ದಿನ ಬೇಕು. ಉಳಿತಾಯ 21 ದಿನ ಮಾತ್ರವೆಂದು ತೋರಬಹುದು. ಆದರೆ ಮೊದಲ ವಿಧಾನದಲ್ಲಿ ಮಳೆಗಾಲವಿಡೀ ಅಂಗಳ ಬಳಕೆಗೆ ಯೋಗ್ಯವಾಗಿರುತ್ತದೆ ಮತ್ತು ಮರುವರ್ಷದ ಕಳೆ ಇಳಿಯುತ್ತದೆ. ಎರಡನೆಯದರಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಕ್ಕಳು ಪೊದೆಯ ನಡುವೆ ಓಡಾಡುತ್ತಾರೆ, ಮರುವರ್ಷವೂ ಅದೇ 105 ದಿನ ಬೇಕಾಗುತ್ತದೆ. ಇಲ್ಲಿ ಹಿಡಿದಿರುವ ದರಗಳು ಲೆಕ್ಕದ ಮಾದರಿಗಾಗಿ ಮಾತ್ರ. ಆಯಾ ಪಂಚಾಯಿತಿಯವರು ಮೊದಲ ಸುತ್ತಿನಲ್ಲಿಯೇ ನಿಜವಾದ ದಿನಗಳನ್ನು ಬರೆದಿಟ್ಟುಕೊಂಡು ತಮ್ಮ ದರವನ್ನು ತಾವೇ ನಿಗದಿಪಡಿಸಿಕೊಳ್ಳಬೇಕು.

ಸುತ್ತುಗಳನ್ನು ಮಳೆ ನಕ್ಷತ್ರಗಳೊಂದಿಗೆ ಹೊಂದಿಸಿದರೆ ಎಲ್ಲರಿಗೂ ನೆನಪಿರುತ್ತದೆ:

– ಜೂನ್ 15ರ ಸುಮಾರು: ಮೃಗಶಿರ
– ಜುಲೈ 13ರ ಸುಮಾರು: ಪುನರ್ವಸು
– ಆಗಸ್ಟ್ 10ರ ಸುಮಾರು: ಆಶ್ಲೇಷ
– ಸೆಪ್ಟೆಂಬರ್ 7ರ ಸುಮಾರು: ಹುಬ್ಬೆ
– ಅಕ್ಟೋಬರ್ 5ರ ಸುಮಾರು: ಹಸ್ತ
– ನವೆಂಬರ್ 2ರ ಸುಮಾರು: ಸ್ವಾತಿ

ಮೂರನೆಯ ಸುತ್ತು ಸ್ವಾತಂತ್ರ್ಯ ದಿನಾಚರಣೆಗೆ ಮುಂಚಿತವಾಗಿ ಮುಗಿಯುತ್ತದೆ. ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಶಾಲಾ ಮಕ್ಕಳಿಗೆ ಗಿಡ ಗುರುತಿಸುವ ಪಾಠಕ್ಕೆ ಇದು ಸೂಕ್ತ ಸಮಯ. ಆದರೆ ಮಕ್ಕಳ ಕೈಯಿಂದ ಪಾರ್ಥೇನಿಯಂ ಕೀಳಿಸುವುದು ಕೂಡದು.

5. ಬರಿದಾದ ನೆಲವೇ ಕಳೆಗೆ ಆಹ್ವಾನ

ಕಳೆ ಹೆಚ್ಚಾದಾಗ ಜೆಸಿಬಿ ತರಿಸಿ ಅಂಗಳವನ್ನು ಕೆರೆಸಿಬಿಡುವುದು ಸುಲಭವೆಂದು ಅನೇಕರ ಅಭಿಪ್ರಾಯ. ಒಂದು ವಾರ ಅಂಗಳ ನಿಜಕ್ಕೂ ಚೊಕ್ಕಟವಾಗಿ ಕಾಣುತ್ತದೆ. ಆದರೆ ಯಂತ್ರವು ಗರಿಕೆಯನ್ನು ಕಿತ್ತುಹಾಕಿ, ಆಳದಲ್ಲಿ ಮಲಗಿದ್ದ ಬೀಜಗಳನ್ನು ಮೇಲಕ್ಕೆ ತಂದು, ಮೇಲ್ಮಣ್ಣನ್ನು ಸಡಿಲಗೊಳಿಸಿ ಹೋಗಿರುತ್ತದೆ. ಪಾರ್ಥೇನಿಯಂ ಬಯಸುವುದು ಇದನ್ನೇ. ಮೊದಲ ಮಳೆಗೆ ಹಾಸಿದಂತೆ ಸಸಿಗಳು ಏಳುತ್ತವೆ. ಕಾಮಗಾರಿಗಾಗಿ ಬೇರೆಡೆಯಿಂದ ತಂದು ಸುರಿದ ಮಣ್ಣಿನಲ್ಲಿಯೂ ಬೀಜ ಇರುತ್ತದೆ. ಹೊಸ ರಸ್ತೆಯ ಬದಿ, ಪೈಪ್‌ಲೈನ್ ಅಗೆದು ಮುಚ್ಚಿದ ಸಾಲುಗಳಲ್ಲಿ ಪಾರ್ಥೇನಿಯಂ ಮೊದಲು ಕಾಣಿಸುವುದು ಈ ಕಾರಣಕ್ಕೆ. ಆದ್ದರಿಂದ ಅಗೆತದ ಕಾಮಗಾರಿ ಮುಗಿದ ಜಾಗಗಳನ್ನು ಆ ವರ್ಷದ ಮಟ್ಟಿಗೆ ‘ಅ’ ವರ್ಗಕ್ಕೆ ಸೇರಿಸಿಕೊಳ್ಳುವುದು ವಿವೇಕ.

ಕಿತ್ತ ಜಾಗಕ್ಕೆ ಒಂದು ಹೊದಿಕೆ ಬೇಕೇ ಬೇಕು. ಆಟದ ಜಾಗಕ್ಕೆ ಗರಿಕೆ, ಓಡಾಡುವ ದಾರಿಗೆ ಕಲ್ಲುಹಾಸು ಅಥವಾ ಗಟ್ಟಿಯಾಗಿ ದಿಮ್ಮಿಸಿದ ಗ್ರಾವೆಲ್, ಗೋಡೆಯಂಚಿಗೆ ನುಗ್ಗೆ, ಕರಿಬೇವು, ಪಪ್ಪಾಯಿಯಂತಹ ಕೈತೋಟ, ಮೂಲೆಗಳಿಗೆ ಹೊಂಗೆ, ಬೇವು, ನೇರಳೆಯ ನೆರಳು. ದಟ್ಟ ನೆರಳಿನಲ್ಲಿ, ದಟ್ಟ ಹುಲ್ಲಿನಲ್ಲಿ ಪಾರ್ಥೇನಿಯಂ ತಲೆಯೆತ್ತಲಾರದು. ರಸ್ತೆ ಬದಿ ಮತ್ತು ಪಾಳು ಜಾಗಗಳಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ತಗಚೆ ಬೀಜ ಎರಚುವುದನ್ನು ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುತ್ತಾರೆ. ಅದು ಪಾರ್ಥೇನಿಯಂ ಜೊತೆ ಪೈಪೋಟಿಗಿಳಿದು ಅದನ್ನು ಹಿಂದಿಕ್ಕುತ್ತದೆ. ಚೆಂಡು ಹೂ ಸಹ ಇದಕ್ಕೆ ಸಹಕಾರಿ.

ಇನ್ನೊಂದು ಸಹಾಯಕನೂ ಇದ್ದಾನೆ. ಮೆಕ್ಸಿಕೊ ದೇಶದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾದ ಜೈಗೋಗ್ರಾಮಾ ಬೈಕಲರೇಟಾ ಎಂಬ ದುಂಬಿ ಪಾರ್ಥೇನಿಯಂ ಎಲೆಯನ್ನು ತಿಂದು ಗಿಡವನ್ನು ಬೋಳಾಗಿಸುತ್ತದೆ. ಮಾಸಲು ಬಿಳಿ ಮೈಮೇಲೆ ಕಂದು ಗೆರೆಗಳಿರುವ ಈ ದುಂಬಿ ಮಳೆಗಾಲದಲ್ಲಿ ಚುರುಕಾಗಿದ್ದು, ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ಸೇರಿಕೊಳ್ಳುತ್ತದೆ. ರಸ್ತೆ ಬದಿಯಲ್ಲಿ ದುಂಬಿ ಮೇಯ್ದ ಗಿಡಗಳು ಕಂಡರೆ ಅಲ್ಲಿ ಔಷಧ ಸಿಂಪಡಿಸದೆ, ಕೆಲವು ದುಂಬಿಗಳನ್ನು ಡಬ್ಬಿಯಲ್ಲಿ ಹಿಡಿದು ದುಂಬಿಯಿಲ್ಲದ ಬಯಲಿಗೆ ಬಿಡಬಹುದು.

6. ಔಷಧ, ಉಪ್ಪು ಮತ್ತು ಬೆಂಕಿ

ಕಳೆನಾಶಕ ಸಿಂಪಡಿಸಿ ಮುಗಿಸಿಬಿಡೋಣ ಎಂಬ ಸಲಹೆ ಸಭೆಯಲ್ಲಿ ಬಂದೇ ಬರುತ್ತದೆ. ಹೆಚ್ಚು ಬಳಕೆಯಲ್ಲಿರುವ ಗ್ಲೈಫೋಸೇಟ್ ಕಳೆನಾಶಕವನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬೇರಾರೂ ಬಳಸುವಂತಿಲ್ಲವೆಂದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿದೆ. ಸ್ವಚ್ಛತಾಗಾರರ ಬೆನ್ನಿಗೆ ಪಂಪು ಹೊರಿಸಿ ಅಂಗಡಿಯಿಂದ ತಂದ ಔಷಧವನ್ನು ಹೊಡೆಸುವುದು ಯಾವ ದೃಷ್ಟಿಯಿಂದಲೂ ಸರಿಯಲ್ಲ. ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಬಾವಿ, ಕೊಳವೆಬಾವಿ ಮತ್ತು ಕೆರೆಯ ಅಂಚಿನಲ್ಲಿ ಕಳೆನಾಶಕ ಬಳಸಬಾರದೆಂದು ಪಂಚಾಯಿತಿಯು ಒಂದು ನಿರ್ಣಯ ಮಾಡಿಕೊಳ್ಳುವುದು ಉಚಿತ.

ಬೆಳೆ ಇಲ್ಲದ ಪಾಳು ಜಾಗದಲ್ಲಿ ಒಂದು ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ, ಸ್ವಲ್ಪ ಸೋಪಿನ ದ್ರಾವಣ ಸೇರಿಸಿ ಬಿಸಿಲಿನಲ್ಲಿ ಸಿಂಪಡಿಸಿದರೆ ಪಾರ್ಥೇನಿಯಂ ಒಣಗುತ್ತದೆ. ಆದರೆ ಉಪ್ಪು ಮಣ್ಣನ್ನು ಕೆಡಿಸುತ್ತದೆ. ಮುಂದೆ ಗಿಡ ನೆಡುವ ಜಾಗ, ಹೊಲದ ಬದು, ನೀರಿನ ಮೂಲದ ಬಳಿ ಇದನ್ನು ಬಳಸಬಾರದು. ಕಲ್ಲುಹಾಸಿನ ಸಂದು, ಕಾಂಕ್ರೀಟ್ ಅಂಚುಗಳಿಗೆ ಇದು ಸೂಕ್ತ.

ಒಣಗಿದ ಕಳೆಗೆ ಬೆಂಕಿ ಹಚ್ಚುವ ಅಭ್ಯಾಸ ನಿಲ್ಲಬೇಕು. ಹೊಗೆ ಊರಿನವರ ಉಸಿರಿಗೆ ತೊಂದರೆ. ಗಾಳಿಯಲ್ಲಿ ಬೆಂಕಿ ಬಣವೆಗೋ ತೋಟಕ್ಕೋ ಹಬ್ಬಿದರೆ ಹೊಣೆ ಯಾರದು? ಅಷ್ಟು ಮಾಡಿಯೂ ಮಣ್ಣಿನಡಿಯ ಬೀಜಕ್ಕೆ ಬೆಂಕಿ ತಾಗುವುದಿಲ್ಲ.

7. ಕಿತ್ತ ಕಳೆಯ ವಿಲೇವಾರಿ

ಹೂ ಬಿಡುವ ಮುನ್ನ ಕಿತ್ತ ಕಳೆ ಗೊಬ್ಬರದ ಸರಕು. ಮೂರು ಅಡಿ ಆಳ, ಆರು ಅಡಿ ಅಗಲ, ಹತ್ತು ಅಡಿ ಉದ್ದದ ಗುಂಡಿಯಲ್ಲಿ ಕಳೆ, ಸಗಣಿ ಬಗ್ಗಡ ಮತ್ತು ಮಣ್ಣನ್ನು ಪದರ ಪದರವಾಗಿ ತುಂಬಿ, ತೇವ ಕಾಪಾಡಿ, ಮೇಲೆ ಮಣ್ಣು–ಸಗಣಿಯಿಂದ ಮೆತ್ತಿ ಮುಚ್ಚಿದರೆ ನಾಲ್ಕೈದು ತಿಂಗಳಲ್ಲಿ ಗೊಬ್ಬರ ಸಿದ್ಧ. ಹೂ ಮತ್ತು ಬೀಜ ಬಂದ ಗಿಡಗಳನ್ನು ಮಾತ್ರ ಗುಂಡಿಗೆ ಹಾಕಬಾರದು; ಅವುಗಳನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿ ಆಳದ ಗುಂಡಿಯಲ್ಲಿ ಹೂಳಬೇಕು. ಕಿತ್ತ ರಾಶಿಯನ್ನು ತೆರೆದ ಟ್ರ್ಯಾಕ್ಟರ್‌ನಲ್ಲಿ ಊರಿಡೀ ಸಾಗಿಸಿದರೆ ದಾರಿಯುದ್ದಕ್ಕೂ ಬಿತ್ತಿದಂತೆಯೇ. ಪಾರ್ಥೇನಿಯಂ ಬೆರೆತ ಹುಲ್ಲನ್ನು ದನಗಳಿಗೆ ಹಾಕುವುದೂ ಬೇಡ, ಹಾಲು ಕಹಿಯಾಗುತ್ತದೆ.

8. ದುಡಿಯುವವರ ರಕ್ಷಣೆ

ಈ ಲೇಖನದಲ್ಲಿ ಸದಸ್ಯರು ಒಂದೇ ಭಾಗವನ್ನು ನೆನಪಿಡುವುದಾದರೆ ಈ ಭಾಗವನ್ನು ನೆನಪಿಡಬೇಕೆಂದು ಕೋರುತ್ತೇನೆ. ಪೊದೆಗೆ ಕೈಹಾಕುವವರು ನಮ್ಮ ಸ್ವಚ್ಛತಾಗಾರರು, ದಿನಗೂಲಿ ಮಹಿಳೆಯರು, ಸ್ವಸಹಾಯ ಸಂಘದ ಸದಸ್ಯೆಯರು. ಹಾವು ಮೊದಲು ಕಡಿಯುವುದು ಅವರನ್ನು. ಪಾರ್ಥೇನಿಯಂ ಅಲರ್ಜಿ ಮೊದಲು ಹತ್ತುವುದು ಅವರಿಗೆ.

– ಪ್ರತಿಯೊಬ್ಬರಿಗೂ ಮೊಣಕೈವರೆಗಿನ ಕೈಗವಸು, ಗಂಬೂಟು, ಮುಖಗವಸು, ಪೂರ್ಣತೋಳಿನ ಅಂಗಿ. ಇವುಗಳಿಲ್ಲದೆ ಸುತ್ತು ಆರಂಭಿಸಬಾರದು.
– ಪೊದೆಗೆ ಕೈಹಾಕುವ ಮುನ್ನ ಉದ್ದ ಕೋಲಿನಿಂದ ಬಡಿದು ಸದ್ದು ಮಾಡಬೇಕು. ಕಲ್ಲು ಗುಡ್ಡೆ, ಇಟ್ಟಿಗೆ ರಾಶಿಗಳನ್ನು ಬರಿಗೈಯಿಂದ ಕದಲಿಸಬಾರದು.
– ಕತ್ತರಿಸುವ ಯಂತ್ರ ನಡೆಯುವಾಗ ಚಾಲಕನಿಗೆ ಕಣ್ಣಿನ ರಕ್ಷಣೆ ಕಡ್ಡಾಯ. ಇತರರು 15 ಮೀಟರ್ ದೂರವಿರಬೇಕು. ಶಾಲಾ ಅವಧಿಯಲ್ಲಿ ಯಂತ್ರ ಓಡಿಸಬಾರದು.
– ಈಗಾಗಲೇ ತುರಿಕೆ ಅಥವಾ ಉಬ್ಬಸ ಇರುವವರಿಗೆ ಪಾರ್ಥೇನಿಯಂ ಕೆಲಸ ಹಚ್ಚದೆ ಬೇರೆ ಕೆಲಸ ಕೊಡಬೇಕು. ಅದಕ್ಕಾಗಿ ಕೂಲಿ ಕಡಿತ ಮಾಡಬಾರದು.
– ಕೆಲಸ ಮುಗಿದ ಕೂಡಲೇ ಕೈಕಾಲು ತೊಳೆಯಲು ನೀರು ಮತ್ತು ಸೋಪು ಸ್ಥಳದಲ್ಲಿಯೇ ಇರಬೇಕು.

ಹಾವು ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಮಂತ್ರಕ್ಕೆ ಹೊತ್ತು ಕಳೆಯುವುದು ಕೂಡದು. ಕಡಿತಕ್ಕೊಳಗಾದವರನ್ನು ಅಲುಗಾಡಿಸದೆ, ಧೈರ್ಯ ಹೇಳಿ, 108 ವಾಹನಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ವಿಷನಿರೋಧಕ ಚುಚ್ಚುಮದ್ದು ಸಮೀಪದ ಯಾವ ಆಸ್ಪತ್ರೆಯಲ್ಲಿ ದಾಸ್ತಾನಿದೆ ಎಂಬುದನ್ನು ಜೂನ್ ಆರಂಭದಲ್ಲಿಯೇ ವಿಚಾರಿಸಿ ಕಚೇರಿಯ ಫಲಕದಲ್ಲಿ ಬರೆಸುವುದು ಅಗತ್ಯ.

9. ಹೊಣೆ ಯಾರದು, ಹಣ ಎಲ್ಲಿಯದು

ಶಾಲೆಯ ಅಂಗಳ ಶಿಕ್ಷಣ ಇಲಾಖೆಯದು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಉಪಕೇಂದ್ರ ಆರೋಗ್ಯ ಇಲಾಖೆಯದು, ಸ್ಮಶಾನದ ಜಾಗ ಕಂದಾಯ ದಾಖಲೆಯದು. ಪ್ರತಿಯೊಬ್ಬರೂ ಇನ್ನೊಬ್ಬರತ್ತ ಕೈತೋರಿದರೆ ಕಳೆ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಆರೋಗ್ಯ ಮತ್ತು ನೈರ್ಮಲ್ಯ ಹಾಗೂ ಸಮುದಾಯ ಆಸ್ತಿಗಳ ನಿರ್ವಹಣೆ ಎರಡೂ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಸೇರಿವೆ. ಆದ್ದರಿಂದ ಎಲ್ಲರನ್ನೂ ಒಂದೆಡೆ ಕೂರಿಸುವ ಹೊಣೆ ಗ್ರಾಮ ಪಂಚಾಯಿತಿಯದೇ.

ಹಣದ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯನ್ನು ಮೊದಲು ನಿವಾರಿಸಬೇಕು. ಉದ್ಯೋಗ ಖಾತರಿ ಯೋಜನೆಯಲ್ಲಿ ಕಳೆ ತೆಗೆಸಿ ಎಂಬ ಬೇಡಿಕೆ ಗ್ರಾಮಸಭೆಗಳಲ್ಲಿ ಸಾಮಾನ್ಯ. ಆದರೆ 2005ರ ಉದ್ಯೋಗ ಖಾತರಿ ಅಧಿನಿಯಮದ 1ನೇ ಅನುಸೂಚಿಯು ಹುಲ್ಲು ತೆಗೆಯುವುದು, ಕಲ್ಲು ಆಯುವುದು ಮುಂತಾದ, ಅಳತೆಗೆ ಸಿಗದ ಹಾಗೂ ಪದೇ ಪದೇ ಮಾಡಬೇಕಾದ ಕೆಲಸಗಳನ್ನು ಕೈಗೊಳ್ಳಬಾರದೆಂದು ಸ್ಪಷ್ಟವಾಗಿ ಹೇಳಿತ್ತು. ಕಾರ್ಯದರ್ಶಿಯಾಗಲಿ, ಅಭಿವೃದ್ಧಿ ಅಧಿಕಾರಿಯಾಗಲಿ ಇದನ್ನು ನಿರಾಕರಿಸಿದ್ದರೆ ಅದು ಹಟವಾಗಿರಲಿಲ್ಲ, ನಿಯಮವಾಗಿತ್ತು. ಅದೇ ಯೋಜನೆಯ ಚೌಕಟ್ಟಿನಲ್ಲಿ ಗೊಬ್ಬರದ ಗುಂಡಿ, ಇಂಗುಗುಂಡಿ, ಚರಂಡಿ, ಶಾಲಾ ಆಟದ ಮೈದಾನ, ಕಾಂಪೌಂಡ್, ಗಿಡ ನೆಡುವಿಕೆಯಂತಹ ಬಾಳಿಕೆಯ ಕಾಮಗಾರಿಗಳಿಗೆ ಅವಕಾಶವಿತ್ತು. ಅಂದರೆ ಕಳೆ ಕೀಳಲು ಅಲ್ಲಿ ಹಣವಿರಲಿಲ್ಲ. ಕಳೆ ಬಾರದಂತೆ ನೆಲ ಸಿದ್ಧಪಡಿಸಲು ದಾರಿಯಿತ್ತು.

ಸುತ್ತಿನ ಕೂಲಿಗೆ ಪಂಚಾಯಿತಿಯ ಸ್ವಂತ ಸಂಪನ್ಮೂಲವೇ ಮುಖ್ಯ ಆಧಾರ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ಅನುದಾನದ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟು, ಶೇ. 40 ಭಾಗವನ್ನು ಸ್ಥಳೀಯ ಅಗತ್ಯಗಳಿಗೆ ಬಿಟ್ಟಿತ್ತು. ವೇತನ ಮತ್ತು ಸಿಬ್ಬಂದಿ ವೆಚ್ಚಕ್ಕೆ ಅದನ್ನು ಬಳಸುವಂತಿರಲಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿ ಸಣ್ಣದಾದರೂ ಕೈಗವಸು, ಸೋಪಿನಂತಹ ವಸ್ತುಗಳಿಗೆ ನೆರವಾಗಬಲ್ಲದು. ಕತ್ತರಿಸುವ ಯಂತ್ರ ಕೊಳ್ಳುವ ಮುನ್ನ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುವುದೇ ಎಂದು ವಿಚಾರಿಸಬೇಕು. ಸುತ್ತುಗಳನ್ನು ಸಂಜೀವಿನಿ ಒಕ್ಕೂಟಕ್ಕೆ ವಹಿಸುವುದಾದರೆ, ಗುಂಟೆ ಲೆಕ್ಕದಲ್ಲಿ ದರ ನಿಗದಿಪಡಿಸಿ, ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕು.

ಖಾಲಿ ನಿವೇಶನಗಳ ಸಮಸ್ಯೆ ಬೇರೆಯೇ. ಮಾಲೀಕರು ನಗರದಲ್ಲಿರುತ್ತಾರೆ, ಪೊದೆ ಹಳ್ಳಿಯಲ್ಲಿರುತ್ತದೆ. ಇ-ಸ್ವತ್ತು ದಾಖಲೆಯಲ್ಲಿ ಅವರ ವಿವರ ಲಭ್ಯವಿದೆ. ಆಸ್ತಿ ತೆರಿಗೆಯ ಬೇಡಿಕೆ ಪತ್ರದೊಂದಿಗೆ, ನಿವೇಶನವನ್ನು ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಸ್ವಚ್ಛಗೊಳಿಸುವಂತೆ ತಿಳುವಳಿಕೆ ಪತ್ರವನ್ನೂ ಕಳುಹಿಸಬಹುದು. ನೆರೆಯವರ ಮೂಲಕ ದೂರವಾಣಿಯಲ್ಲಿ ಹೇಳಿಸಿದರೆ ಹಲವು ಬಾರಿ ಕೆಲಸ ಬೇಗ ಆಗುತ್ತದೆ.

10. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಕೈಗೊಳ್ಳಬಹುದಾದ ಕ್ರಮ

ಒಂದು: ತಮ್ಮ ವಾರ್ಡಿನ ಸಾರ್ವಜನಿಕ ಅಂಗಳಗಳ ಪಟ್ಟಿ ಮತ್ತು ಗುಂಟೆ ಅಳತೆಯನ್ನು ಸಭೆಗೆ ತರುವುದು.

ಎರಡು: ಅವುಗಳನ್ನು ‘ಅ’ ಮತ್ತು ‘ಆ’ ವರ್ಗಗಳಾಗಿ ವಿಂಗಡಿಸಿ ನಿರ್ಣಯ ದಾಖಲಿಸುವುದು.

ಮೂರು: ಆರು ಸುತ್ತುಗಳ ದಿನಾಂಕ, ಮಾನವ ದಿನ ಮತ್ತು ವೆಚ್ಚದ ಅಂದಾಜಿಗೆ ಆಯವ್ಯಯದಲ್ಲಿ ಪ್ರತ್ಯೇಕ ಬಾಬ್ತು ತೆರೆಯುವುದು.

ನಾಲ್ಕು: ರಕ್ಷಣಾ ಸಾಮಗ್ರಿಗಳನ್ನು ಮೊದಲ ಸುತ್ತಿಗೆ ಮುನ್ನ ಖರೀದಿಸಿ, ಪಡೆದವರ ಸಹಿಯೊಂದಿಗೆ ವಹಿಯಲ್ಲಿ ನಮೂದಿಸುವುದು.

ಐದು: ಪ್ರತಿ ಸುತ್ತಿನ ನಂತರ ವಾರ್ಡಿನ ಸದಸ್ಯರು ಸ್ಥಳಕ್ಕೆ ಹೋಗಿ ನೋಡುವುದು. ನೋಡಬೇಕಾದುದು ಒಂದೇ ಅಂಶ: ಎಲ್ಲಿಯಾದರೂ ಹೂ ಬಿಟ್ಟ ಪಾರ್ಥೇನಿಯಂ ಉಳಿದಿದೆಯೇ? ಉಳಿದಿದ್ದರೆ ಆ ಸುತ್ತು ಮುಗಿದಿಲ್ಲವೆಂದೇ ಅರ್ಥ.

ಆರು: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂಗನವಾಡಿ ಕಾರ್ಯಕರ್ತೆ ಹಾಗೂ ಆಶಾ ಕಾರ್ಯಕರ್ತೆಯರನ್ನು ವರ್ಷಕ್ಕೆರಡು ಬಾರಿ ಈ ವಿಷಯಕ್ಕಾಗಿಯೇ ಸಭೆಗೆ ಆಹ್ವಾನಿಸುವುದು.

ಮೊದಲ ವರ್ಷ ಈ ವೇಳಾಪಟ್ಟಿ ಪಾಲಿಸಿದರೂ ಕಳೆ ಪೂರ್ಣವಾಗಿ ಹೋಗುವುದಿಲ್ಲ. ಮಣ್ಣಿನಲ್ಲಿ ಹಿಂದಿನ ವರ್ಷಗಳ ಬೀಜ ಉಳಿದಿರುತ್ತದೆ. ಎರಡನೆಯ ವರ್ಷ ಮೊದಲ ಸುತ್ತಿನ ಮಾನವ ದಿನಗಳು ಇಳಿದಿವೆಯೇ ಎಂಬುದನ್ನು ವಹಿ ನೋಡಿ ತಿಳಿಯಬಹುದು. ಇಳಿದಿದ್ದರೆ ನಾವು ಸರಿಯಾದ ದಾರಿಯಲ್ಲಿದ್ದೇವೆ. ಇಳಿಯದಿದ್ದರೆ ಯಾವುದೋ ಸುತ್ತು ತಪ್ಪಿದೆ ಅಥವಾ ಹೊರಗಿನಿಂದ ಬೀಜ ಬರುತ್ತಿದೆ ಎಂದು ತಿಳಿದು ಆ ಮೂಲವನ್ನು ಹುಡುಕಬೇಕು. ಮೃಗಶಿರ ಮಳೆಗೆ ಮುಂಚೆ ಪಟ್ಟಿ ಸಿದ್ಧವಿರಲಿ ಎಂದು ಎಲ್ಲ ಸದಸ್ಯರಲ್ಲಿ ವಿನಂತಿಸುತ್ತೇನೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ